ಅಕ್ಕ ಆರಿಸಿದ ಕರಿ ಫೋನು

ನಾನು ಓದು ನಿಲ್ಲಿಸಿದ್ದು ೧೯೭೧ರಲ್ಲಿ. ಮಣ್ಣೂರಿನಲ್ಲಿ ಏಳನೇ ತರಗತಿ ಮುಗಿದಿತ್ತು, ಮುಂದೆ ಕಲಿಯಬೇಕೆಂದರೆ ಅಫಜಲಪುರಕ್ಕೆ ಹೋಗಬೇಕಿತ್ತು. ಹೋದೆ ಕೂಡ. ಹೈಸ್ಕೂಲಿಗೆ ಹೆಸರು ಹಚ್ಚಲು ಹೊರಟವನು ಬಸ್‌ಸ್ಟ್ಯಾಂಡಿನ ಎದುರು ಒಬ್ಬಾತ ಲಾರಿಯ ಟೈರು ಬಿಚ್ಚುವುದನ್ನು ನೋಡುತ್ತ ನಿಂತುಬಿಟ್ಟೆ. ಆಳೆತ್ತರದ ಟೈರನ್ನು ಆತ ಎರಡು ಕಬ್ಬಿಣದ ಪಟ್ಟಿಗಳಿಂದ ರೊಟ್ಟಿ ಮಗುಚಿದಷ್ಟು ಸಲೀಸಾಗಿ ಎಬ್ಬಿಸುತ್ತಿದ್ದ. ನನ್ನ ಕಡೆ ತಿರುಗಿ, "ನಿಂತು ಏನ್ ನೋಡ್ತೀಲೇ, ಈ ಕಡೆ ಹಿಡಿ" ಅಂದ. ಹಿಡಿದೆ. ಹಿಡಿದವನು ಬಿಡಲೇ ಇಲ್ಲ.

ಅಪ್ಪ ಬೈದ. ಅವ್ವ ಅತ್ತಳು. ನನಗಿಂತ ಐದಾರು ವರ್ಷ ದೊಡ್ಡವಳಾದ ಅಕ್ಕ ಮಾತ್ರ ನಕ್ಕಳು. ಆಗಷ್ಟೇ ಅವಳನ್ನು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನಕ್ಕೆ ಕೊಟ್ಟಿದ್ದೆವು. ನಾಗರ ಪಂಚಮಿಗೆ ತವರಿಗೆ ಬಂದವಳು ಜೋಕಾಲಿಯ ಮೇಲೆ ಕೂತು ನನ್ನನ್ನು ಕರೆದಳು.

"ಕಲೀಲಿಲ್ಲ ಅಂದ್ರ ಬಿಡು. ದುಡಿ. ದುಡದು ಪಂಚಮಿಗೆ ನನಗೊಂದು ಚಲೋ ಸೀರಿ ತಾ."

"ತರ್ತೇನಿ ಬೇ."

"ಬಾಯ್ಲೆ ತರಬ್ಯಾಡ, ಕೈಲೆ ತಾ."

ಆ ಮಾತಿಗೆ ನಾನು ತಪ್ಪಿಲ್ಲ. ಮೊದಲ ವರ್ಷದ್ದು ಒರಟು ನೂಲಿನ ಸೀರೆ. ಒಗೆದರೆ ನೀರೆಲ್ಲ ಕೆಂಪಾಗುತ್ತಿತ್ತು. ಆದರೂ ಅಕ್ಕ ಅದನ್ನು ಉಟ್ಟು ಓಣಿಯಲ್ಲಿ ಎರಡು ಸುತ್ತು ಹಾಕಿದಳು. ಮುಂದೆ ಜೇವರ್ಗಿಯಲ್ಲಿ ವಿಜಾಪುರ ರಸ್ತೆಯ ಮೇಲೆ ನನ್ನದೇ ಟೈರಿನ ಅಂಗಡಿ ಆಯಿತು. ಆಮೇಲೆ ಇಳಕಲ್ ಸೀರೆಯೇ ಹೋಗುತ್ತಿತ್ತು. ಪಂಚಮಿಗೆ ಅಕ್ಕನನ್ನು ಕರೆತರಲು ಹೋಗುವಾಗ ಸೀರೆಯ ಗಂಟು ನನ್ನ ತೊಡೆಯ ಮೇಲೆ, ಮುಖ ಕಿಟಕಿಯ ಕಡೆ. ನನ್ನ ಬೆವರಿನ ಸೀರೆ ಅದು, ಯಾರ ಹಂಗಿನದೂ ಅಲ್ಲ. ಹಾಗೆ ಜಂಬದಿಂದ ಕೂಡುವ ಅಧಿಕಾರ ನನಗಿತ್ತು.

ನಲವತ್ತು ದಾಟಿದ ಮೇಲೆ ಒಂದು ಜ್ವರ ಬಂದು ಅಕ್ಕನ ಕಿವಿಯನ್ನು ಮಂದ ಮಾಡಿ ಹೋಯಿತು. ಪೂರ್ತಿ ಹೋಗಲಿಲ್ಲ. ಗಂಡಸರ ದಪ್ಪ ದನಿ ಅಷ್ಟಿಷ್ಟು ಬೀಳುತ್ತಿತ್ತು, ಹೆಂಗಸರ, ಮಕ್ಕಳ ಸಣ್ಣ ದನಿ ಬೀಳುತ್ತಿರಲಿಲ್ಲ. ಕಿವಿಗೆ ಹಾಕುವ ಮಷಿನ್ ಮಾವ ತಂದುಕೊಟ್ಟ. ಅಕ್ಕನ ಗಂಡನನ್ನು ನಾವು ಮಾವ ಎಂದೇ ಕರೆಯುವುದು. ಅಕ್ಕ ಅದನ್ನು ಒಂದು ಹೊತ್ತು ಹಾಕಿಕೊಂಡು, "ತಲ್ಯಾಗ ಗಿರಣಿ ಶುರು ಆದಂಗ ಆಗ್ತದ" ಎಂದು ತೆಗೆದು ಗೋಡೆಯ ಗೂಡಿನಲ್ಲಿಟ್ಟಳು. ಅದಕ್ಕಾಗಿ ಅವಳೇನೂ ಮುಖ ಸಣ್ಣ ಮಾಡಿಕೊಂಡವಳಲ್ಲ. ಎದುರಿಗೆ ಕೂತವರ ತುಟಿ ನೋಡಿ ಅರ್ಧ, ಅಂದಾಜಿನ ಮೇಲೆ ಅರ್ಧ ಮಾತು ನಡೆಸುತ್ತಿದ್ದಳು. ಅಂದಾಜು ತಪ್ಪಿದರೆ ಎಲ್ಲರಿಗಿಂತ ಮೊದಲು ನಗುವವಳೂ ಅವಳೇ.

ತೊಂಬತ್ತರ ದಶಕದ ನಡುವೆ ಕಿಣ್ಣಿ ಸುಲ್ತಾನಕ್ಕೆ ಫೋನಿನ ತಂತಿ ಬಂತು. ಮಾವ ಎಂದೋ ಅರ್ಜಿ ಹಾಕಿದ್ದ, ಅವರ ಮನೆಗೂ ಒಂದು ಬಂತು. ಒತ್ತುವ ಗುಂಡಿಗಳಿದ್ದ ಹಗುರವಾದ ಡಬ್ಬಿ. ಗುಬ್ಬಿ ಮರಿ ಕೂಗಿದ ಹಾಗೆ ಅದರ ಗಂಟೆ. ಅಕ್ಕನ ಒಬ್ಬಳೇ ಮಗಳನ್ನು ಪುಣೆಯ ಕಡೆ ಕೊಟ್ಟಿದ್ದರು, ಅಳಿಯ ಅಲ್ಲಿ ಕಾರ್ಖಾನೆಯಲ್ಲಿದ್ದ. ಅವಳು ಅಲ್ಲಿಯ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದರೆ ಮಾವ ಕೇಳಿಸಿಕೊಂಡು ಅಕ್ಕನಿಗೆ ಹೇಳಬೇಕು. ಕಾಗದದ ಕಥೆಯೂ ಅದೇ, ಅಕ್ಕನಿಗೆ ಓದು ಬಾರದು.

ಒಂದು ಬೇಸಿಗೆಯ ಬೆಳಿಗ್ಗೆ ಮಗಳ ಫೋನು ಬಂತು. ಎರಡನೆಯ ಸಲ ಬಸಿರಾಗಿದ್ದಳು. ತಾಯಿಗೆ ಹೇಳಲು ತಂದೆಗೆ ಹೇಳಬೇಕಾಗಿ ಬಂದದ್ದಕ್ಕೆ ಅವಳಿಗೂ ನಾಚಿಕೆ, ಕೇಳಿದ ಮಾವನಿಗೂ ನಾಚಿಕೆ. ಹೊರಗೆ ಕಟ್ಟೆಯ ಮೇಲೆ ನಾಲ್ಕು ಮಂದಿ ಹಿರಿಯರು ಕೂತಿದ್ದರು, ಕೂಗಿ ಹೇಳುವ ಮಾತಲ್ಲ. ಮಾವ ಅಕ್ಕನ ಕಿವಿಯ ಹತ್ತಿರ ಬಾಯಿ ಒಯ್ದು ಮೆಲ್ಲಗೆ, "ಮಗಳು ಬಸರಾಗ್ಯಾಳಂತ" ಅಂದ.

"ಬಸ್ಸಿನ್ಯಾಗ ಅದಾಳಂತ?" ಎಂದಳು ಅಕ್ಕ.

ಕೇಳಿಸಿತಲ್ಲ ಎಂಬ ನಿರಾಳದಲ್ಲಿ ಮಾವ ತಲೆಯಾಡಿಸಿ ಹೊಲಕ್ಕೆ ಹೊರಟುಬಿಟ್ಟ.

ಅಕ್ಕ ಕಡಲೆಬೇಳೆ ಬೇಯಿಸಿ ಹೂರಣ ಅರೆದಳು, ಹೋಳಿಗೆ ಮಾಡಿದಳು, ಎಣ್ಣೆಗಾಯಿ ಮಾಡಿದಳು. ತಲೆ ಬಾಚಿಕೊಂಡು ಬಸ್ ನಿಲ್ಲುವ ಬೇವಿನ ಮರದ ಕೆಳಗೆ ಹೋಗಿ ಕೂತಳು. ಆಳಂದದಿಂದ ಬರುವ ಬಸ್ಸು ಬಂತು, ಹೋಯಿತು. ಮತ್ತೊಂದು ಬಂತು. ಕಂಡಕ್ಟರನಿಗೇ ತಡೆಯಲಾಗಲಿಲ್ಲ.

"ಯಾರ್ ಬರೋರು ಅದಾರವ್ವಾ?"

"ಮಗಳು. ಪುಣೆದಿಂದ. ಬಸ್ಸಿನ್ಯಾಗ ಅದಾಳ."

ಸಂಜೆಗೆ ಪಕ್ಕದ ಮನೆಯ ಹೆಂಗಸು ಬಂದು ಎದುರು ಕೂತು, ತುಟಿ ಅಗಲಿಸಿ ಹೇಳಿದಳು. "ಯಕ್ಕಾ, ನಿನ್ನ ಮಗಳು ಬಸ್ಸಿನ್ಯಾಗ ಇಲ್ಲ ಬೇ. ಬಸರಿ ಅದಾಳ. ಊರಿಗೆಲ್ಲ ಗೊತ್ತದ." ಮಾವ ಹೊಲದಲ್ಲಿ ಖುಷಿ ತಡೆಯದೆ ಬದುವಿನ ಆಚೆಯವನಿಗೆ ಹೇಳಿದ್ದ, ಅದು ಅಲ್ಲಿಂದ ನಡೆದು ಊರು ಸೇರಿತ್ತು.

ಅಕ್ಕ ಅಲ್ಲೇ ಮರದ ಕೆಳಗೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳಂತೆ. ಮನೆಗೆ ಬಂದು ಹೋಳಿಗೆಯನ್ನು ಓಣಿಗೆಲ್ಲ ಹಂಚಿದಳು, ಮಾವನೊಬ್ಬನನ್ನು ಬಿಟ್ಟು. ಎರಡು ದಿನ ಬಿಟ್ಟು ಆಳಂದ, ಗುಲಬರ್ಗಾ ಎಂದು ಬಸ್ಸು ಬದಲಿಸುತ್ತ ಜೇವರ್ಗಿಗೆ ನನ್ನ ಅಂಗಡಿಗೇ ಬಂದಳು. ಬಿಚ್ಚಿಟ್ಟ ಟ್ರಾಕ್ಟರ್ ಟೈರಿನ ಮೇಲೆ ಕೂತು, ಕತೆಯನ್ನು ಪೂರ್ತಿ ಹೇಳಿ, ನನ್ನನ್ನೂ ನನ್ನ ಗಿರಾಕಿಗಳನ್ನೂ ನಗಿಸಿ, ಆಮೇಲೆ ನನ್ನನ್ನು ಹತ್ತಿರ ಕರೆದಳು.

"ಲೇ ತಮ್ಮ, ಈ ಸಲ ಪಂಚಮಿಗೆ ಸೀರಿ ಬ್ಯಾಡ."

"ಯಾಕ ಬೇ? ಹೋದ ವರ್ಷದ್ದು ಪಸಂದ್ ಬರ್ಲಿಲ್ಲೇನು?"

"ಸೀರಿ ಚಲೋ ಅದ. ಆದ್ರ ಸೀರಿ ಮಾತಾಡಂಗಿಲ್ಲ. ನನಗೊಂದು ಫೋನ್ ಕೊಡಸು."

"ಮನ್ಯಾಗ ಅದ ಅಲ್ಲ?"

"ಅದು ನಿಮ್ಮ ಮಾವನ ಕಿವೀದು. ನನ್ನ ಕಿವೀದು ಬೇಕು. ಆಕಿಗೆ ಡಾಕ್ಟರು ತಿರಗಾಡಬ್ಯಾಡ ಅಂದಾರಂತ, ಪಂಚಮಿಗೆ ಬರಂಗಿಲ್ಲ. ಬರದಿದ್ರ ಬ್ಯಾಡ. ಆ ದಿನ ಆಕಿ ಮಾತು ನನ್ನ ಕಿವ್ಯಾಗೇ ಬೀಳಬೇಕು. ಹೆಣ್ಣುಮಕ್ಕಳ ಮಾತು ಗಂಡಸರ ಬಾಯಾಗ ತಿರಗಿ ಬಂದ್ರ ಬಸ್ ಆಗ್ತದ, ನೋಡಿದೆಲ್ಲ."

ನಗುತ್ತಲೇ ಹೇಳಿದಳು, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅದನ್ನು ನೋಡಿದ ಮೇಲೆ ನಾನು ಒಪ್ಪಿಕೊಂಡೆ. ಒಪ್ಪಿಕೊಂಡರೆ ಮುಗಿಯಿತು, ನನ್ನ ಮಾತು ಮಾತೇ.

ನನ್ನ ಅಂಗಡಿಯ ಮುಂದೆ ಬಾಂಬೆ ಲಾರಿಗಳು ನಿಲ್ಲುತ್ತಿದ್ದವು. ಗುರುತಿನ ಡ್ರೈವರ್ ಒಬ್ಬನಿಗೆ, "ಅಲ್ಲಿ ಸಿಗೋದ್ರಾಗ ಭಾರಿ ಮಾಲು ಯಾವುದದ, ಅದನ್ನ ತಾ" ಅಂದೆ. ಅಕ್ಕನಿಗೆ ಕಡಿಮೆಯದನ್ನು ಕೊಟ್ಟು ಅಭ್ಯಾಸವಿಲ್ಲ. ಆತ ತಂದದ್ದು ಕೆಂಪು ಬಣ್ಣದ, ಅಂಗೈ ಅಗಲದ ಫೋನು. ಗಂಟೆಯ ಬದಲು ಅದರಲ್ಲಿ ಹಾಡು ಬರುತ್ತಿತ್ತು. ಸೀರೆಯ ಗಂಟಿನಂತೆ ಅದನ್ನೂ ತೊಡೆಯ ಮೇಲಿಟ್ಟುಕೊಂಡು ಕಿಣ್ಣಿ ಸುಲ್ತಾನಕ್ಕೆ ಒಯ್ದೆ. ಮಾವನನ್ನು ಬಸ್ ನಿಲ್ಲುವ ಕಡೆಯ ಬೂತಿಗೆ ಅಟ್ಟಿ, ಅಲ್ಲಿಂದ ಮನೆಗೆ ಫೋನು ಮಾಡಿಸಿದೆ. ಫೋನು ಹಾಡತೊಡಗಿತು. ಓಣಿಯ ಮಕ್ಕಳೆಲ್ಲ ಬಂದು ಬಾಗಿಲು ತುಂಬಿದವು. ಅಕ್ಕ ಅದರ ಬುಡದಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಭುಜ ಮುಟ್ಟಿದೆ.

"ಅಕ್ಕಾ, ಹಾಡಾಕತ್ತದ."

"ಯಾರು?"

"ಫೋನು."

"ಅದರ ಹಾಡು ತಗೊಂಡು ಏನ್ ಮಾಡ್ಲಿ. ನನ್ನ ಕರಿಯಾಕ ಹೇಳು."

ಎರಡನೆಯದನ್ನು ನಾನೇ ಸೊಲ್ಲಾಪುರಕ್ಕೆ ಹೋದಾಗ ಆರಿಸಿ ತಂದೆ. ಒಂದು ಗುಂಡಿ ಒತ್ತಿದರೆ ಕೈಯಲ್ಲಿ ಹಿಡಿಯುವುದೇ ಬೇಡ, ಆ ಕಡೆಯ ಮಾತು ರೇಡಿಯೋದಂತೆ ಮನೆತುಂಬ ಕೇಳಿಸುತ್ತಿತ್ತು. ಇನ್ನು ಗೆದ್ದೆ ಅಂದುಕೊಂಡೆ. ಮಗಳ ಫೋನು ಬಂದಾಗ ಗುಂಡಿ ಒತ್ತಿ ಅಕ್ಕನನ್ನು ಎದುರು ಕೂಡಿಸಿದೆ. ಪಕ್ಕದ ಮನೆಯವರು ಹೊಸ ಫೋನು ನೋಡಲು ಬಂದಿದ್ದರು. ಅದು ಮಗಳಿಗೆ ಹೇಗೆ ಗೊತ್ತಾಗಬೇಕು?

"ಯವ್ವಾ, ನಮ್ಮ ಅತ್ತಿ ಮುಂಜಾನೆದ್ದು ಚಹಾದಿಂದ ಶುರು ಮಾಡ್ತಾಳ ನೋಡು..."

"ಎಲ್ಲಾ ಅತ್ತೇರೂ ಹಂಗ ತಂಗಿ" ಎಂದಳು ಪಕ್ಕದ ಮನೆಯ ಹೆಂಗಸು, ಸಮಾಧಾನ ಮಾಡುತ್ತ.

ಆ ಕಡೆ ಮಗಳು ಗಾಬರಿಯಾಗಿ, "ಯವ್ವಾ, ಅಲ್ಲಿ ಯಾರ್ಯಾರು ಅದಾರ?" ಎಂದು ಕೇಳಿ ಫೋನು ಇಟ್ಟುಬಿಟ್ಟಳು. ಅಕ್ಕ ನಮ್ಮೆಲ್ಲರ ಮುಖ ನೋಡುತ್ತ, "ಏನಂದ್ಳು?" ಎಂದು ಕೇಳಿದಳು. ಊರಿಗೆಲ್ಲ ಕೇಳಿಸಿತ್ತು, ಅವಳೊಬ್ಬಳನ್ನು ಬಿಟ್ಟು.

ಮಾವ ನನ್ನನ್ನು ಬಿಡಲಿಲ್ಲ. "ಟೈರ್ ಶೇಠ, ಇನ್ನೆಷ್ಟು ಫೋನ್ ತರಾಂವ ಇದ್ದೀಯೋ? ನಮ್ಮ ಮನ್ಯಾಗೇ ಅಂಗಡಿ ಇಡೂಣೇನು?" ನನಗೆ ಕಿವಿಯ ತನಕ ಬಿಸಿಯಾಯಿತು. ಪಂಚಮಿ ಹತ್ತಿರ ಬರುತ್ತಿತ್ತು.

ಅಕ್ಕ ಎದ್ದು ಸೆರಗು ಸಿಗಿಸಿಕೊಂಡಳು. "ನೀ ಸೀರಿ ಆರಸಾಕ ಶಾಣ್ಯಾ ಇದ್ದಿ. ಫೋನ್ ನಾ ಆರಸ್ತೇನಿ. ನಡಿ ಗುಲಬರ್ಗಾಕ್ಕ."

ಗುಲಬರ್ಗಾದ ಆ ಅಂಗಡಿಯವನು ಫೋನುಗಳನ್ನು ಮಾರುತ್ತಲೂ ಇದ್ದ, ದುರಸ್ತಿ ಮಾಡುತ್ತಲೂ ಇದ್ದ. ಗೋಡೆಗೆಲ್ಲ ಬಣ್ಣಬಣ್ಣದ ಫೋನು. ನಾನು ಮೇಲಿನ ಸಾಲಿನ ಕಡೆ ಕೈ ತೋರಿಸುತ್ತಿದ್ದೆ, ಆತ ಇಳಿಸಿಕೊಡುತ್ತಿದ್ದ. ಅಕ್ಕ ಯಾವುದನ್ನೂ ಕಿವಿಗೆ ಹಚ್ಚಲಿಲ್ಲ. ಕುಂಬಾರರ ಮುಂದೆ ಕೂತು ಗಡಿಗೆ ಆರಿಸುವಂತೆ ಒಂದೊಂದನ್ನೇ ಕೈಯಲ್ಲಿ ಎತ್ತಿ, ತೂಗಿ, ಬೆರಳಿನ ಗೆಣ್ಣಿನಿಂದ ತಟ್ಟಿ, "ಟೊಳ್ಳು" ಎಂದು ವಾಪಸು ಇಟ್ಟಳು. ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಮೇಜಿನ ಮೂಲೆಯಲ್ಲಿ ಕಾಗದಗಳ ಮೇಲೆ ಒಂದು ಹಳೆಯ ಕರಿ ಫೋನು ಕೂತಿತ್ತು. ಬೆರಳು ಹಾಕಿ ತಿರುಗಿಸುವ ಚಕ್ರದ್ದು, ಆಮೆಯಂಥದ್ದು. ಅಕ್ಕ ಅದನ್ನು ಎರಡೂ ಕೈಯಿಂದ ಎತ್ತಿದಳು.

"ಅವ್ವಾರ, ಅದು ಮಾರೋ ಮಾಲಲ್ರಿ. ಫ್ಯಾನಿನ ಗಾಳಿಗೆ ಕಾಗದ ಹಾರಬಾರ್ದಂತ ಇಟ್ಟೇನ್ರಿ."

ಅಕ್ಕನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ತಟ್ಟಿದಳು. ಒಳಗಿನಿಂದ ಸಣ್ಣಗೆ 'ಠಣ್' ಎಂದಿತು. ಅದು ಅವಳ ಬೆರಳಿಗೆ ತಿಳಿದಿರಬೇಕು. "ಇದರ ಒಳಗ ಏನೋ ಅದ" ಎಂದಳು.

ಅಂಗಡಿಯವನು ನಗುತ್ತ ಅದಕ್ಕೆ ತಂತಿ ಜೋಡಿಸಿ, ಒಳಗಿನ ಕೋಣೆಗೆ ಹೋಗಿ ಬೇರೊಂದು ಫೋನಿನಿಂದ ಗಂಟೆ ಬಾರಿಸಿದ. ಆಗ ಅಕ್ಕ ಬೀದಿಯ ಕಡೆ ಮುಖ ಮಾಡಿ ಹೋಗಿಬರುವವರನ್ನು ನೋಡುತ್ತಿದ್ದಳು. ನಾನು ಭುಜ ಮುಟ್ಟಬೇಕೆಂದು ಕೈ ಎತ್ತಿದ್ದೆ. ಮುಟ್ಟುವ ಮೊದಲೇ ಅವಳು ತಿರುಗಿದಳು.

ನನ್ನ ಕೈ ಹಾಗೇ ಗಾಳಿಯಲ್ಲಿ ನಿಂತಿತು.

"ಇದು ಕರೀತದ" ಎಂದಳು ಅಕ್ಕ, ಮೆಲ್ಲಗೆ, ಯಾರೋ ಬಹಳ ದಿನಕ್ಕೆ ಹೆಸರು ಹಿಡಿದು ಕೂಗಿದ ಹಾಗೆ.

ಹೊಸ ಫೋನುಗಳದ್ದು ಸಣ್ಣ ದನಿ, ಇದರೊಳಗೆ ಎರಡು ಲೋಹದ ಬಟ್ಟಲು, ನಡುವೆ ಸುತ್ತಿಗೆ ಇರುತ್ತದೆ ಎಂದು ಅಂಗಡಿಯವನು ತೆರೆದು ತೋರಿಸಿದ. ಕೈಯಲ್ಲಿ ಹಿಡಿಯುವ ಭಾಗವನ್ನು ಬದಲಿಸಿ ಬೇರೊಂದು ಹಾಕಿಕೊಡುತ್ತೇನೆಂದ. ಅದರ ಹಿಡಿಯಲ್ಲಿ ಒಂದು ಪುಟ್ಟ ಗಾಲಿ, ತಿರುಗಿಸಿದರೆ ಕಿವಿಗೆ ಬರುವ ಸದ್ದು ಏರುತ್ತಿತ್ತು. ಅಕ್ಕ ಕಿವಿಗೆ ಹಚ್ಚಿ ಗಾಲಿಯನ್ನು ತುದಿಯ ತನಕ ತಿರುವಿ, "ಗುಂಯ್ ಅನ್ನಾಕತ್ತದ" ಎಂದು ಹಲ್ಲು ಬಿಟ್ಟಳು.

ನನಗೆ ಮಾತ್ರ ಒಂದು ಮುಳ್ಳು ಚುಚ್ಚುತ್ತಿತ್ತು. "ಅಕ್ಕಾ, ಹಳೇದು ಬ್ಯಾಡ ಬೇ. ತಮ್ಮ ಇಷ್ಟು ದುಡದೂ ಹಳೇ ಸಾಮಾನ ಕೊಡಸ್ಯಾನ ಅಂತಾರ ಮಂದಿ."

ನನ್ನ ತುಟಿ ನೋಡಿ ಓದಿಕೊಂಡು ಅಕ್ಕ ಅಂದಳು: "ಮಂದಿ ಅಂದದ್ದು ನನಗೆಲ್ಲಿ ಕೇಳಸ್ತದ?"

ಅಂಗಡಿಯವನು ಮೇಜು ಬಡಿದು ನಕ್ಕ. ಆ ನಗುವಿನಲ್ಲೇ ಮಾರಲು ಒಪ್ಪಿದ. ಕಾಗದ ಹಾರದಂತೆ ಇಡಲು ನಾನು ಆತನಿಗೆ ಮಾರನೆಯ ವಾರ ಲಾರಿಯ ಹಳೆಯ ಬೇರಿಂಗ್ ಒಂದನ್ನು ಕಳಿಸಿಕೊಟ್ಟೆ.

ಮನೆಯಲ್ಲಿ ಅಕ್ಕ ಕರಿ ಫೋನನ್ನು ತನ್ನ ಮದುವೆಯ ತಗಡಿನ ಟ್ರಂಕಿನ ಮೇಲೆ ಇಟ್ಟಳು. ಗಂಟೆ ಹೊಡೆದರೆ ಟ್ರಂಕು, ಒಳಗಿನ ಹಿತ್ತಾಳೆ ಸಾಮಾನು ಎಲ್ಲ ಗಲಗಲ ಅನ್ನಬೇಕು. ಮೊದಲ ಸಲ ಹೊಡೆದಾಗ ಬೆಕ್ಕು ಕಿಟಕಿಯಿಂದ ಹಾರಿ ಹೋಯಿತು, ಸಂಜೆಯ ತನಕ ಬರಲಿಲ್ಲ.

ಪಂಚಮಿ ಬಂತು. ಪದ್ಧತಿಯಂತೆ ನಾನು ಕರೆಯಲು ಹೋದೆ. "ಈ ಸಲ ತವರು ಇಲ್ಲೇ. ಆಕಿ ಫೋನ್ ಮಾಡ್ತಾಳ, ನಾ ಬಿಟ್ಟು ಬರಂಗಿಲ್ಲ" ಎಂದಳು. ನನಗೆ ಜೋಳದ ಅಳ್ಳು, ಶೇಂಗಾ ಉಂಡಿ ಕೊಟ್ಟು ಕೂಡಿಸಿ, ತಾನು ಟ್ರಂಕಿನ ಪಕ್ಕ ಕೂತಳು. ಹೊಸ ಸೀರೆ ಇರಲಿಲ್ಲ, ಹೋದ ವರ್ಷದ್ದನ್ನೇ ಉಟ್ಟಿದ್ದಳು.

ಟ್ರಂಕು ನಡುಗಿತು. ಅಕ್ಕ ತಾನೇ ಎತ್ತಿದಳು. ಗಾಲಿ ತಿರುವಿದಳು. ಕೇಳಿದಳು. ಗಾಲಿಯನ್ನು ಈ ಕಡೆ, ಆ ಕಡೆ ಮಾಡಿದಳು. ಅವಳ ಮುಖದ ಮೇಲಿದ್ದ ಬೆಳಕು ಇಳಿಯುವುದನ್ನು ನಾನು ನೋಡಿದೆ. "ಸದ್ದು ಬರ್ತದ ತಮ್ಮ. ಮಾತು ಬರವಲ್ದು" ಎಂದು ನನ್ನ ಕೈಗೆ ಕೊಟ್ಟಳು.

ಆ ಕಡೆ ಮಗಳು ಒಂದೇ ಉಸಿರಿಗೆ ಚೀರುತ್ತಿದ್ದಳು. "ಯವ್ವಾ ಕೇಳಸ್ತದೇನು ನಾನಬೇ ಮಾತಾಡಾಕತ್ತೇನಿ ಕೇಳಸ್ತದೇನು" ಎಂದು ಗಡಗಡ. ಸಣ್ಣ ದನಿ, ಚೀರಿದರೆ ಇನ್ನೂ ಸಣ್ಣದಾಗುತ್ತಿತ್ತು. ಅಳು ಬರುವಂತಿತ್ತು. ಪಂಚಮಿಯಾದ್ದರಿಂದಲೋ ಏನೋ, ನನಗೆ ಮಣ್ಣೂರು ನೆನಪಾಯಿತು. ಭೀಮಾ ಹೊಳೆಯ ಆಚೆ ದಂಡೆಯಲ್ಲಿ ನಮ್ಮಪ್ಪ ಕಲ್ಲಂಗಡಿ ಬೆಳೆಯುತ್ತಿದ್ದ. ಈಚೆಯಿಂದ ಬುತ್ತಿ ಒಯ್ದು ಅಪ್ಪನನ್ನು ಕೂಗುವ ಕೆಲಸ ಅಕ್ಕನದು. ಅವಳ ಮದುವೆಯಾದ ಮೇಲೆ, ಬೇಸಿಗೆಯ ರಜೆಗೆ ಬಂದಾಗ ಅವಳ ಈ ಮಗಳದು. ಹೊಳೆಯ ಮೇಲೆ ಚೀರಿದರೆ ಗಾಳಿ ತಿಂದುಬಿಡುತ್ತದೆ. ಎದೆಯಿಂದ ದಪ್ಪ ದನಿ ತೆಗೆಯಬೇಕು. ಒಂದು ಪದ, ಅದರ ಬಾಲ ಎಳೆಯಬೇಕು. ಆಮೇಲೆ ಸುಮ್ಮನೆ ನಿಲ್ಲಬೇಕು, ಆ ಕಡೆಯಿಂದ ಉತ್ತರ ದಾಟಿ ಬರುವ ತನಕ.

"ತಂಗಿ, ಚೀರಬ್ಯಾಡ" ಅಂದೆ. "ಹೊಳಿ ದಂಡಿಗೆ ನಿಂತು ಅಜ್ಜಗ ಹೆಂಗ ಕೂಗತಿದ್ದಿ? ಹಂಗ ಕೂಗು."

"ಮಾಮಾ, ಇಲ್ಲಿ ಬೂತಿನ್ಯಾಗ ಮಂದಿ ಅದಾರ."

"ಪುಣೆ ಮಂದಿ. ಅವರಿಗೇನ್ ತಿಳೀತದ? ಕೂಗು."

ಫೋನನ್ನು ಅಕ್ಕನ ಕಿವಿಗೆ ಹಚ್ಚಿದೆ. ಹತ್ತಿರ ನಿಂತಿದ್ದ ನನಗೂ ಕೇಳಿಸಿತು, ದೂರದ ದಂಡೆಯಿಂದ ಬಂದಂತೆ, ದಪ್ಪಗೆ, ನಿಧಾನವಾಗಿ: "ಯ... ವ್ವಾ... ಊಟಾ... ಆತೇ..."

ಆಮೇಲೆ ಸುಮ್ಮನೆ. ಆ ಕಡೆ ಮಗಳು ಕಾಯುತ್ತಿದ್ದಳು.

ಅಕ್ಕನ ಕಣ್ಣು ಅಗಲವಾದವು. ಎದ್ದು ನಿಂತಳು. ಒಂದು ಕೈಯನ್ನು ಬಾಯಿಯ ಪಕ್ಕಕ್ಕೆ ಮರೆ ಹಿಡಿದು, ಎದುರಿಗೆ ಹೊಳೆಯೇ ಇದೆಯೇನೋ ಎಂಬಂತೆ ಗೋಡೆಯ ಕಡೆ ಮುಖ ಮಾಡಿ, "ಆತ... ವ್ವಾ... ನಿಂದೂ..." ಎಂದು ಕೂಗಿದಳು. ಅಂಗಳದಲ್ಲಿದ್ದ ಎಮ್ಮೆ ತಿರುಗಿ ನೋಡಿತು. ಪುಣೆಯ ಆ ಬೂತಿನಲ್ಲಿ ಫೋನಿನ ಒಳಗಿನಿಂದ ಬಂದ ಕೂಗಿಗೆ ಜನ ಹೊರಗಿನಿಂದ ಇಣುಕಿ ನೋಡಿದರಂತೆ. ಅದನ್ನು ಮಗಳು ಆಮೇಲೆ ಹೇಳಿದಳು.

ನಾಲ್ಕು ಮಾತು ಆದ ಮೇಲೆ ಅಕ್ಕನಿಗೆ ನಾವು ನಿಂತಿರುವುದು ಕಂಡಿತು. "ಎಲ್ಲಾರೂ ಹೊರಗ ನಡೀರಿ. ಇದು ಹೆಣ್ಣುಮಕ್ಕಳ ಮಾತು" ಎಂದು ನನ್ನನ್ನೂ ಮಾವನನ್ನೂ ದಬ್ಬಿ ಬಾಗಿಲು ಮುಂದೆ ಮಾಡಿದಳು. ನಾವು ಕಟ್ಟೆಯ ಮೇಲೆ ಕೂತೆವು. ಬಾಗಿಲು ಮುಚ್ಚಿ ಏನು ಪ್ರಯೋಜನ? ಅಕ್ಕನ ಪಾಲಿನ ಮಾತು ಓಣಿಯ ತುದಿಯ ತನಕ ಕೇಳುತ್ತಿತ್ತು. "ಹುಳೀ... ತಿನಬೇಕು... ಅನಸ್ತದೇನೂ..." ಮಾವ ರುಮಾಲಿನಿಂದ ಮುಖ ಒರೆಸಿಕೊಂಡ. "ಹಂಗಿದ್ರ... ಹೆಣ್ಣೇ... ಬಿಡೂ..." ಜೋಕಾಲಿ ಆಡುತ್ತಿದ್ದ ಹುಡುಗಿಯರು ಜೋಕಾಲಿ ನಿಲ್ಲಿಸಿ ನಗತೊಡಗಿದರು. ಆದರೆ ಪ್ರತಿಯೊಂದು ಕೂಗಿನ ನಂತರ ಒಳಗೆ ಉದ್ದನೆಯ ಮೌನ ಇರುತ್ತಿತ್ತು. ಆ ಮೌನದಲ್ಲಿ ಮಗಳು ಹೇಳಿದ್ದು ನಮಗ್ಯಾರಿಗೂ ಕೇಳಿಸಲಿಲ್ಲ.

ಬಾಗಿಲು ತೆರೆದು ಹೊರಬಂದಾಗ ಅಕ್ಕನ ಒಂದು ಕಿವಿ ಕೆಂಪಾಗಿತ್ತು. ಅಷ್ಟು ಒತ್ತಿ ಹಿಡಿದಿದ್ದಳು.

"ಏನಂದ್ಳು ಬೇ?" ಎಂದು ಕೇಳಿದೆ.

ಅಕ್ಕ ನನ್ನ ಕೈಗೆ ಇನ್ನೊಂದು ಶೇಂಗಾ ಉಂಡಿ ಇಟ್ಟಳು. "ಅದು ನನ್ನ ಕಿವ್ಯಾಗ ಬಿದ್ದದ್ದು" ಎಂದಳು. "ನಿನಗ್ಯಾಕ ಬೇಕು?"

ಮಾವ ಕೇಳಿದ, ಅವನಿಗೂ ಹೇಳಲಿಲ್ಲ. ಅಂದು ಅಲ್ಲಿಂದ ಬಸ್ಸು ಹತ್ತಿ ಬರುವಾಗ ನನ್ನ ತೊಡೆಯ ಮೇಲೆ ಗಂಟು ಇರಲಿಲ್ಲ, ಮುಖ ಮಾತ್ರ ಕಿಟಕಿಯ ಕಡೆಗೇ ಇತ್ತು. ಚಳಿಗಾಲಕ್ಕೆ ಮಗಳಿಗೆ ಹೆಣ್ಣು ಕೂಸೇ ಆಯಿತು. ಆ ಸುದ್ದಿಯನ್ನು ಮಾವನಿಗೆ ಹೇಳಿದವಳು ಅಕ್ಕ. ಬಾಯಿ ಕಿವಿಯ ಹತ್ತಿರ ಒಯ್ದು ಬಿಡಿಸಿ ಬಿಡಿಸಿ ಹೇಳಿದಳಂತೆ, ಮತ್ತೆ ಬಸ್ಸು ಹತ್ತಿಸಬಾರದೆಂದು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಜೇವರ್ಗಿಯಲ್ಲಿ ಟೈರಿನ ಅಂಗಡಿ ಒಂದು, ಗಾಳಿ ತುಂಬುವ ಮಷಿನ್ ಎರಡು, ನೆಲಕ್ಕೆ ಫರಸಿ ಕಲ್ಲು ಹಾಕಿದ ಮನೆ ಒಂದು, ಕೆಲಸ ಕಲಿತ ಗಂಡುಮಕ್ಕಳು ಇಬ್ಬರು, ಅಕ್ಕ ಒಬ್ಬಳು. ಯಾರೂ ಬೇಡವೆಂದ ಫೋನುಗಳು ಎರಡು, ಅದರಲ್ಲಿ ಒಂದು ಹಾಡುತ್ತದೆ. ಕರಿ ಫೋನು ಈ ಲೆಕ್ಕದಲ್ಲಿಲ್ಲ. ಅದು ಅಕ್ಕನದು.